ಕೂದಲು, ಗರಿ, ಹುರುಪೆ, ಚಿಪ್ಪು: ಪುಟ್ಟ ಮಕ್ಕಳಿಗೆ ಪ್ರಾಣಿಗಳ ಮೈಹೊದಿಕೆ ಕಲಿಸುವ ಬಗೆ

ಈ ಪಾಠದಲ್ಲಿ ಎಡವುವ ಜಾಗ ಸಾಮಾನ್ಯವಾಗಿ ಒಂದೇ. ಹೊದಿಕೆಯನ್ನೂ ಗುಂಪನ್ನೂ ಒಂದೇ ಪಟ್ಟಿಗೆ ಸೇರಿಸಿ ಬರೆಸಿಬಿಡುತ್ತೇವೆ: ಸಸ್ತನಿಗೆ ಕೂದಲು, ಪಕ್ಷಿಗೆ ಗರಿ, ಸರೀಸೃಪಕ್ಕೆ ಹುರುಪೆ. ಮಗು ಬಾಯಿಪಾಠ ಮಾಡುತ್ತದೆ. ಮರುದಿನ, ಮೈತುಂಬ ಹುರುಪೆ ಇದ್ದರೂ ಸಸ್ತನಿಯೇ ಆದ ಚಿಪ್ಪುಹಂದಿಯ ಚಿತ್ರ ತೋರಿಸಿದರೆ ‘ಹಾವಿನ ಜಾತಿ’ ಅನ್ನುತ್ತದೆ. ಅದು ಮಗುವಿನ ತಪ್ಪಲ್ಲ, ನಾವು ಕೊಟ್ಟ ಪಟ್ಟಿಯೇ ಹಾಗೆ ಹೇಳಿತ್ತು. ಮೈಮೇಲೆ ಏನಿದೆ ಎಂಬುದು ಒಂದು ಪ್ರಶ್ನೆ, ಯಾರ ಬಳಗ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಕೈ ಮತ್ತು ಕಣ್ಣು ಉತ್ತರ ಕೊಡುತ್ತವೆ. ಎರಡನೆಯದಕ್ಕೆ ಮರಿಗೆ ಹಾಲು ಕೊಡುತ್ತದೆಯೇ, ಮೊಟ್ಟೆ ಎಲ್ಲಿ ಇಡುತ್ತದೆ, ಬೆನ್ನುಮೂಳೆ ಇದೆಯೇ ಎಂದು ಕೇಳಬೇಕು. ಈ ಎರಡನ್ನೂ ಬೇರೆ ಬೇರೆ ದಿನ ಕಲಿಸಿದರೆ ಅರ್ಧ ಗೊಂದಲ ಅಲ್ಲಿಗೇ ಕಡಿಮೆಯಾಗುತ್ತದೆ.

ಕೆಳಗಿನ ಅಳತೆಗಳು ಒಂದರಿಂದ ಮೂರನೇ ತರಗತಿಯ 30 ಮಕ್ಕಳಿಗೆ, ಆರಾರು ಜನರ ಐದು ಗುಂಪಿಗೆ. ದಿನಕ್ಕೆ 40 ನಿಮಿಷದಂತೆ ನಾಲ್ಕು ದಿನ ಬೇಕು. ಅಂಗನವಾಡಿ ಮಕ್ಕಳಿಗಾದರೆ ಕೂದಲು, ಗರಿ, ಹುರುಪೆ ಮೂರೇ ಸಾಕು. ಚಿಪ್ಪು ಮತ್ತು ಒದ್ದೆ ಚರ್ಮ ಒಂದನೇ ತರಗತಿಗೆ, ಚಿಪ್ಪುಹಂದಿ, ಬಾವಲಿಯಂಥ ಗೊಂದಲ ಹುಟ್ಟಿಸುವ ಪ್ರಾಣಿಗಳು ಮೂರನೇ ತರಗತಿಗೆ.

ಸಾಮಾನು ಎಲ್ಲಿಂದ ತರುವುದು

ಚಿತ್ರದುರ್ಗ, ದಾವಣಗೆರೆ, ನಮ್ಮ ಈ ಎರಡು ಜಿಲ್ಲೆಗಳಲ್ಲಿ ಇದಕ್ಕೆ ಅಂಗಡಿ ಹುಡುಕಬೇಕಿಲ್ಲ. ಚಳ್ಳಕೆರೆ, ಹಿರಿಯೂರು, ಮೊಳಕಾಲ್ಮುರು ಕಡೆ ಕುರಿಯ ಉಣ್ಣೆ ಸುಲಭವಾಗಿ ಸಿಗುತ್ತದೆ. ಭದ್ರಾ ನಾಲೆಯ ನೀರು ಹರಿಯುವ ದಾವಣಗೆರೆ, ಹರಿಹರ, ಚನ್ನಗಿರಿಯ ಗದ್ದೆ ಬದುಗಳಲ್ಲಿ ಬಸವನಹುಳುವಿನ ಖಾಲಿ ಚಿಪ್ಪು, ಏಡಿ ಕಳಚಿಟ್ಟ ಕವಚ ಸಿಗುತ್ತವೆ. ಎರಡೂ ಕಡೆಯ ಶಿಕ್ಷಕರು ಒಂದೊಂದು ಡಬ್ಬಿ ಅದಲು ಬದಲು ಮಾಡಿಕೊಂಡರೆ ಇನ್ನೂ ಒಳ್ಳೆಯದು.

ಉಣ್ಣೆ ಒಟ್ಟು 100 ಗ್ರಾಂ ಸಾಕು, ಅಂದರೆ ಗುಂಪಿಗೊಂದು ಮುಷ್ಟಿ. ಆರೋಗ್ಯವಾಗಿರುವ ಕುರಿಯನ್ನು ಕತ್ತರಿಸುವಾಗಲೇ ಕೇಳಿ ಪಡೆಯಿರಿ. ಸತ್ತ ಕುರಿಯ ಉಣ್ಣೆ ಖಂಡಿತ ಬೇಡ, ನೆರಡಿ (ಆಂಥ್ರಾಕ್ಸ್) ರೋಗದ ಕಣಗಳು ಉಣ್ಣೆಯಲ್ಲಿ ಬಹುಕಾಲ ಉಳಿಯುತ್ತವೆ. ಪಡೆದದ್ದರಲ್ಲಿ ಒಂದು ಚಿಟಿಕೆಯನ್ನು ತೊಳೆಯದೆ ಬೇರೆ ಪೊಟ್ಟಣದಲ್ಲಿಡಿ, ಎರಡನೇ ದಿನದ ಪ್ರಯೋಗಕ್ಕೆ ಬೇಕು. ಅದನ್ನು ಮುಟ್ಟುವುದು ಶಿಕ್ಷಕರು ಮಾತ್ರ. ಉಳಿದದ್ದನ್ನು ಬೆಚ್ಚಗಿನ ಸೋಪು ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಎತ್ತಿ, ಹಿಂಡದೆ ಸೋರಲು ಬಿಟ್ಟು ನೆರಳಲ್ಲಿ ಒಣಗಿಸಿ. ಕುದಿಯುವ ನೀರು ಹಾಕಿ ಬಟ್ಟೆಯಂತೆ ತಿಕ್ಕಿದರೆ ಎಳೆಗಳು ಒಂದಕ್ಕೊಂದು ಕಚ್ಚಿಕೊಂಡು ಗಟ್ಟಿ ಉಂಡೆಯಾಗುತ್ತವೆ, ಮತ್ತೆ ಬಿಡಿಸಲು ಬರುವುದಿಲ್ಲ.

ಗರಿಗೆ ಕೋಳಿ ಅಂಗಡಿಗೆ ಹೋಗಬೇಡಿ. ಅಲ್ಲಿ ಬಿಸಿನೀರಿನಲ್ಲಿ ಅದ್ದಿ ಕಿತ್ತಿರುವ ಗರಿ ಮುದುಡಿ ಹರಿದಿರುತ್ತದೆ. ನಾಟಿ ಕೋಳಿ ಸಾಕಿದ ಮನೆಯವರಿಗೆ ಒಂದು ವಾರ ಮುಂಚೆ ಹೇಳಿಟ್ಟರೆ ಉದುರಿದ ರೆಕ್ಕೆಗರಿಗಳನ್ನು ಕೂಡಿಟ್ಟಿರುತ್ತಾರೆ. ಗುಂಪಿಗೆ ಐದು ರೆಕ್ಕೆಗರಿ, ಮೈಮೇಲಿನ ಮೆತ್ತನೆಯ ತುಪ್ಪಳ ಒಂದು ಚಿಟಿಕೆ. ಸೋಪು ನೀರಿನಲ್ಲಿ ಅದ್ದಿ, ಮೂರು ಸಲ ಬರೀ ನೀರಿನಲ್ಲಿ ಜಾಲಾಡಿ, ಮೇಲೊಂದು ಬಲೆ ಹೊದಿಸಿ ಒಣಗಿಸಿ, ಇಲ್ಲದಿದ್ದರೆ ದುರ್ಗದ ಗಾಳಿಗೆ ಒಂದೂ ಉಳಿಯುವುದಿಲ್ಲ. ಜಾಲಾಡುವುದು ಕಡಿಮೆಯಾದರೆ ಸೋಪಿನ ಅಂಶ ಉಳಿದು ಗರಿ ನೀರು ಹೀರುತ್ತದೆ, ಪ್ರಯೋಗ ತಲೆಕೆಳಗಾಗುತ್ತದೆ. ಊರಲ್ಲಿ ಕೋಳಿಗಳು ಸಾಯುತ್ತಿರುವ ಸುದ್ದಿ ಇದ್ದರೆ ಆ ಸಲ ಗರಿಯ ಆಸೆ ಬಿಟ್ಟು ಚಿತ್ರದಲ್ಲೇ ಮುಗಿಸಿ.

ಮೀನಿನ ಹುರುಪೆಗೆ ಒಂದು ದೊಡ್ಡ ಕಾಟ್ಲಾ ಇಡೀ ಶಾಲೆಗೆ ಸಾಕು. ಸೂಳೆಕೆರೆ ಅಥವಾ ಮಾರಿಕಣಿವೆ ಜಲಾಶಯದ ಸುತ್ತಿನ ಊರಾದರೆ ಮೀನು ಹಸನು ಮಾಡುವವರನ್ನು ಕೇಳಿದರೆ ಹುರುಪೆ ಸುಮ್ಮನೆ ಕೊಡುತ್ತಾರೆ. ಉಪ್ಪು ನೀರಿನಲ್ಲಿ ಒಂದು ರಾತ್ರಿ ಇಟ್ಟು, ಮರುದಿನ ಸೋಪಿನಲ್ಲಿ ತೊಳೆಯಿರಿ. ವಾಸನೆ ಹೋಗಲೆಂದು ನಿಂಬೆರಸದಲ್ಲಿ ನೆನೆಹಾಕುವ ಅಭ್ಯಾಸ ಕೆಲವರಿಗಿದೆ. ಹುರುಪೆಯಲ್ಲಿ ಮೂಳೆಯಲ್ಲಿರುವಂಥ ಸುಣ್ಣದ ಅಂಶ ಇದೆ, ಹುಳಿ ಅದನ್ನು ಕರಗಿಸಿ ಹುರುಪೆಯನ್ನು ಮೆತ್ತಗೆ ಮಾಡಿಬಿಡುತ್ತದೆ. ಒಣಗುವಾಗ ಸುರುಳಿಯಾಗದಂತೆ ಹತ್ತಿ ಬಟ್ಟೆಯ ಎರಡು ಪದರದ ನಡುವೆ ಇಟ್ಟು ಮೇಲೆ ದಪ್ಪ ಪುಸ್ತಕ ಹೇರಿ. ಪತ್ರಿಕೆಯ ಕಾಗದ ಬೇಡ, ಅಂಟಿಕೊಳ್ಳುತ್ತದೆ.

ಬಸವನಹುಳುವಿನ ಚಿಪ್ಪು ಗುಂಪಿಗೆ ಎರಡು. ಬಿಸಿಲಿಗೆ ಬೆಳ್ಳಗಾದ ಖಾಲಿ ಚಿಪ್ಪನ್ನೇ ಆರಿಸಿ, ಹತ್ತು ನಿಮಿಷ ಕುದಿಸಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತೊಳೆಯಿರಿ. ಜೀವಂತ ಬಸವನಹುಳುವನ್ನು ಮಕ್ಕಳ ಕೈಗೆ ಕೊಡಬೇಡಿ, ಅದರ ಲೋಳೆಯಲ್ಲಿ ಮನುಷ್ಯರಿಗೆ ರೋಗ ತರುವ ಹುಳುಗಳಿರಬಹುದು.

ತರಬಾರದ್ದನ್ನೂ ಹೇಳಿಬಿಡಬೇಕು. ನಕ್ಷತ್ರ ಆಮೆಯ ಚಿಪ್ಪು, ಚಿಪ್ಪುಹಂದಿಯ ಹುರುಪೆ, ಉಡದ ಚರ್ಮ, ಮನೆಯ ಅಟ್ಟದಲ್ಲಿ ಅಜ್ಜನ ಕಾಲದಿಂದ ಇದ್ದದ್ದಾದರೂ ತರಗತಿಗೆ ಬೇಡ. ಇವೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಕೆಳಗೆ ಬರುತ್ತವೆ. ಹಾವಿನ ಪೊರೆ ಕಂಡರೆ ಇದ್ದಲ್ಲೇ ಫೋಟೋ ತೆಗೆದು ತನ್ನಿ. ತಾನಾಗಿ ಉದುರಿದ ನವಿಲುಗರಿಗೆ ಅಡ್ಡಿಯಿಲ್ಲ. ಅದನ್ನು ತೋರಿಸುವಾಗ ಒಂದು ಮಾತು ಸೇರಿಸಿ: ನವಿಲು ಕುಣಿಯುವಾಗ ಬಿಚ್ಚುವುದು ನಿಜವಾದ ಬಾಲವಲ್ಲ. ಬಾಲದ ಮೇಲೆ ಬೆಳೆದ ಉದ್ದ ಹೊದಿಕೆಗರಿಗಳು ಅವು, ಗಿಡ್ಡ ಬಾಲ ಹಿಂದೆ ಅವಕ್ಕೆ ಆಸರೆಯಾಗಿ ನಿಂತಿರುತ್ತದೆ.

ಮೊದಲ ದಿನ: ಕೈ ಮಾತಾಡಲಿ

ಪ್ರಾಣಿಯಿಂದ ಶುರುಮಾಡಬೇಡಿ, ಮಗುವಿನ ಮುಂಗೈಯಿಂದ ಶುರುಮಾಡಿ. ‘ನಿನ್ನ ಮೈಮೇಲೆ ಏನಿದೆ?’ ಅಂದರೆ ಬಹುಪಾಲು ಮಕ್ಕಳು ‘ಅಂಗಿ’ ಅಥವಾ ‘ಚರ್ಮ’ ಅನ್ನುತ್ತಾರೆ. ಕಿಟಕಿಯ ಬೆಳಕಿಗೆ ಕೈ ಅಡ್ಡ ಹಿಡಿಸಿ, ಭೂತಗನ್ನಡಿ ಕೊಡಿ. ನವಿರು ಕೂದಲು ಕಾಣುತ್ತದೆ. ಎಮ್ಮೆಗೂ ಹೀಗೇ: ಎದುರಿನಿಂದ ನೋಡಿದರೆ ಬರೀ ಕರಿ ಚರ್ಮ, ಸಂಜೆ ಬಿಸಿಲಲ್ಲಿ ಪಕ್ಕದಿಂದ ನೋಡಿದರೆ ಬೆನ್ನ ಮೇಲೆ ಕೂದಲು ಮಿನುಗುತ್ತದೆ. ಮನೆಗೆ ಹೋಗಿ ಅದನ್ನೇ ನೋಡಿಕೊಂಡು ಬರಲು ಹೇಳಿ.

ಆಮೇಲೆ ಬಟ್ಟೆಯ ಚೀಲ. ತೊಳೆದ ಉಣ್ಣೆ, ಗರಿ, ಹುರುಪೆ, ಚಿಪ್ಪು ಹಾಕಿ ಬಾಯಿ ಕಟ್ಟಿ, ಕೈ ಹೋಗುವಷ್ಟೇ ಜಾಗ ಬಿಡಿ. ಒಂದು ವಸ್ತು ಮುಟ್ಟಿ ಮೂರು ಮಾತು ಹೇಳಬೇಕು: ಮೆತ್ತಗಿದೆ, ಒರಟಿದೆ, ಚುಚ್ಚುತ್ತದೆ, ನುಣುಪಿದೆ, ತಣ್ಣಗಿದೆ, ಬಾಗುತ್ತದೆ. ಪ್ರಾಣಿಯ ಹೆಸರು ಆ ಮೂರು ಮಾತಿನ ನಂತರವೇ. ಈ ನಿಯಮ ಇಡದಿದ್ದರೆ ಮೊದಲ ಮಗು ‘ಕೋಳಿ!’ ಎಂದು ಕೂಗಿದ ಮೇಲೆ ಉಳಿದವರು ಮುಟ್ಟಿ ನೋಡುವುದನ್ನೇ ಬಿಡುತ್ತಾರೆ. ಚೀಲಕ್ಕೆ ಕೈ ಹಾಕಲು ಹೆದರುವ ಮಗುವಿಗೆ ತಟ್ಟೆಯಲ್ಲಿಟ್ಟು ಕೊಡಿ, ಒತ್ತಾಯ ಬೇಡ. ಮುಗಿದ ಮೇಲೆ ಎಲ್ಲರ ಕೈಗೂ ಸೋಪು.

ಗರಿಗೆ ಮಾತ್ರ ಇನ್ನೂ ಹತ್ತು ನಿಮಿಷ ಕೊಡಿ, ಇಷ್ಟು ಸೊಗಸಾದ ವಸ್ತು ಈ ಪಾಠದಲ್ಲಿ ಬೇರೆ ಇಲ್ಲ. ನಡುವೆ ಒಂದು ದಂಡು, ಎರಡೂ ಕಡೆ ಎಳೆಗಳು. ತುದಿಯಿಂದ ಬುಡದ ಕಡೆಗೆ ಬೆರಳು ಎಳೆದರೆ ಎಳೆಗಳು ಬಿಟ್ಟುಕೊಂಡು ಗರಿ ಹರಿದ ಹಾಗೆ ಕಾಣುತ್ತದೆ. ಈಗ ಬುಡದಿಂದ ತುದಿಗೆ ಎರಡು ಬೆರಳ ನಡುವೆ ಮೆಲ್ಲಗೆ ಸವರಿದರೆ ಮತ್ತೆ ಕೂಡಿಕೊಳ್ಳುತ್ತದೆ. ಎಳೆಗಳಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕೊಕ್ಕೆಗಳಿವೆ, ಅವು ಜಿಪ್ಪಿನ ಹಲ್ಲಿನಂತೆ ಒಂದನ್ನೊಂದು ಹಿಡಿಯುತ್ತವೆ. ಹಕ್ಕಿ ಕೊಕ್ಕಿನಿಂದ ಗರಿ ತೀಡುತ್ತ ಕೂರುವುದು ಇದಕ್ಕೇ. ತುಪ್ಪಳದಲ್ಲಿ ಈ ಕೊಕ್ಕೆ ಇಲ್ಲ, ಹಾಗಾಗಿ ಅದು ಹರಡಿಕೊಂಡು ಗಾಳಿ ಹಿಡಿದಿಟ್ಟು ಮೈ ಬೆಚ್ಚಗಿಡುತ್ತದೆ.

ಎರಡನೇ ದಿನ: ನೀರು ಮತ್ತು ಐಸು

ನೀರಿನ ಪ್ರಯೋಗ ಚಿಕ್ಕದು. ಸ್ಟ್ರಾದ ತುದಿಯಿಂದ ಒಂದೊಂದು ಹನಿ ಬಿಡಿ: ತೊಳೆಯದ ಉಣ್ಣೆಯ ಮೇಲೆ, ತೊಳೆದ ಉಣ್ಣೆಯ ಮೇಲೆ, ಗರಿಯ ಮೇಲೆ, ಹತ್ತಿ ಬಟ್ಟೆಯ ಮೇಲೆ. ತೊಳೆಯದ ಉಣ್ಣೆಯಲ್ಲಿ ಕುರಿಯ ಮೈಯ ಜಿಡ್ಡು ಇರುವುದರಿಂದ ಹನಿ ಗುಂಡಗೆ ನಿಲ್ಲುತ್ತದೆ. ಕುರಿ ಕಾಯುವವರು ಕಂಬಳಿ ಕೊಪ್ಪೆ ಹಾಕಿಕೊಂಡು ಮಳೆಯಲ್ಲಿ ನಿಲ್ಲುವುದನ್ನು ಮಕ್ಕಳು ಕಂಡಿರುತ್ತಾರೆ, ಆ ನೆನಪನ್ನು ಇಲ್ಲಿಗೆ ಜೋಡಿಸಿ.

ಐಸಿನ ಪ್ರಯೋಗವನ್ನು ಬಿಡಲೇಬೇಡಿ. ‘ಕಂಬಳಿ ಬಿಸಿ ಕೊಡುತ್ತದೆ’ ಎಂದು ಮಕ್ಕಳು ನಂಬಿರುತ್ತಾರೆ, ದೊಡ್ಡವರಲ್ಲೂ ಹಾಗೆ ನಂಬುವವರಿದ್ದಾರೆ. ಒಂದೇ ಗಾತ್ರದ ಎರಡು ಐಸು ತುಂಡನ್ನು ಎರಡು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ. ಒಂದನ್ನು ಕಂಬಳಿ ತುಂಡಿನಲ್ಲಿ ಎರಡು ಸುತ್ತು ಸುತ್ತಿ, ಇನ್ನೊಂದನ್ನು ಹಾಗೇ ಬಿಟ್ಟು, ಎರಡನ್ನೂ ಒಂದೇ ಮರದ ಹಲಗೆಯ ಮೇಲೆ ನೆರಳಲ್ಲಿ ಇಡಿ. ಯಾವುದು ಮೊದಲು ಕರಗುತ್ತದೆ ಎಂದು ಕೈ ಎತ್ತಿಸಿ ಬೋರ್ಡಿನ ಮೇಲೆ ಎಣಿಕೆ ಬರೆಯಿರಿ. ಕಂಬಳಿಯದ್ದೇ ಎಂದು ಹೆಚ್ಚಿನವರು ಕೈ ಎತ್ತುತ್ತಾರೆ. ಅರ್ಧ ಗಂಟೆಗೆ ಬಿಚ್ಚಿದರೆ ಕಂಬಳಿಯೊಳಗಿನ ತುಂಡೇ ದೊಡ್ಡದಾಗಿ ಉಳಿದಿರುತ್ತದೆ. ಉಣ್ಣೆ ಬಿಸಿ ಹುಟ್ಟಿಸುವುದಿಲ್ಲ. ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿ ಬಿಸಿಯನ್ನು ಆಚೆ ಈಚೆ ಬಿಡುವುದಿಲ್ಲ, ಅಷ್ಟೇ. ಚಳಿಯಲ್ಲಿ ಕುರಿಯ ಮೈಬಿಸಿ ಒಳಗೇ ಉಳಿಯುತ್ತದೆ, ಬೇಸಿಗೆಯಲ್ಲಿ ಹೊರಗಿನ ಬಿಸಿಲು ಚರ್ಮಕ್ಕೆ ತಾಗುವುದೂ ಕಡಿಮೆಯಾಗುತ್ತದೆ. ಪ್ರಯೋಗ ಕೆಡುವುದು ಮೂರು ಕಾರಣಕ್ಕೆ: ಕಂಬಳಿ ಒದ್ದೆಯಾದಾಗ, ಒಂದು ತುಂಡನ್ನು ಸ್ಟೀಲ್ ತಟ್ಟೆಯಲ್ಲಿಟ್ಟಾಗ, ಮಕ್ಕಳು ನಡುನಡುವೆ ಬಿಚ್ಚಿ ನೋಡಿದಾಗ.

ಕಾಯುವ ಅರ್ಧ ಗಂಟೆಯಲ್ಲಿ ಕಪ್ಪೆಯ ಮಾತು ಮುಗಿಸಬಹುದು. ಎರಡು ಒದ್ದೆ ಕರವಸ್ತ್ರ, ಒಂದು ಬಿಸಿಲಿಗೆ, ಒಂದು ಮಡಕೆಯ ಮರೆಗೆ. ಕಪ್ಪೆಯ ಮೈಗೆ ಕೂದಲಿಲ್ಲ, ಹುರುಪೆಯಿಲ್ಲ, ಇರುವುದು ಲೋಳೆ ಸವರಿದ ತೆಳು ಚರ್ಮ. ಅದರ ಮೂಲಕ ಉಸಿರಾಟವೂ ನಡೆಯುತ್ತದೆ, ಹಾಗಾಗಿ ಚರ್ಮ ಒಣಗಿದರೆ ಅದಕ್ಕೆ ಅಪಾಯ. ಹಗಲಲ್ಲಿ ಅದು ಬಚ್ಚಲ ಮೂಲೆಯಲ್ಲೋ ಕಲ್ಲಿನ ಅಡಿಯಲ್ಲೋ ಅಡಗುವುದೇಕೆ ಎಂದು ಮಕ್ಕಳೇ ಹೇಳುತ್ತಾರೆ. ಕಪ್ಪೆಯನ್ನು ಹಿಡಿದು ತರಗತಿಯಲ್ಲಿ ಕೈಯಿಂದ ಕೈಗೆ ದಾಟಿಸುವುದು ಬೇಡ. ನಮ್ಮ ಕೈಯ ಉಪ್ಪು, ಸೋಪು ಅದರ ಚರ್ಮದೊಳಗೆ ಇಳಿಯುತ್ತವೆ. ಎರೆಹುಳುವಿಗೂ ಇದೇ ಮಾತು.

ಹುರುಪೆ ಎಂಬ ಒಂದೇ ಮಾತು

ಇಲ್ಲಿ ಶಿಕ್ಷಕರು ತಾವು ಸ್ಪಷ್ಟವಾಗಿರಬೇಕು. ಪಠ್ಯದಲ್ಲಿ ಶಲ್ಕ ಎಂದೂ ಕಾಣುವ ಈ ಹುರುಪೆ ಎಲ್ಲ ಪ್ರಾಣಿಗಳಲ್ಲಿ ಒಂದೇ ವಸ್ತುವಲ್ಲ. ಮೀನಿನದ್ದು ಚರ್ಮದ ಒಳಪದರದಲ್ಲಿ ಹುಟ್ಟುವ, ಮೂಳೆಯಂಥ ಬಿಲ್ಲೆ. ಒಂದೊಂದನ್ನೇ ಕಿತ್ತು ತೆಗೆಯಬಹುದು, ಭೂತಗನ್ನಡಿಯಲ್ಲಿ ನೋಡಿದರೆ ಅದರ ಮೇಲೆ ಸುತ್ತು ಸುತ್ತು ಗೆರೆಗಳಿರುತ್ತವೆ, ಮೀನು ಬೆಳೆದಂತೆ ಗೆರೆ ಕೂಡುತ್ತದೆ. ಹಾವಿನದ್ದು ಹೊರಚರ್ಮವೇ ಮಡಿಚಿ ಗಟ್ಟಿಯಾದದ್ದು, ನಮ್ಮ ಉಗುರಿನಂಥ ವಸ್ತು. ಒಂದಕ್ಕೊಂದು ಹೊಲಿದ ಹಾಗೆ ಕೂಡಿರುವುದರಿಂದ ಪೊರೆ ಬಿಡುವಾಗ ಇಡೀ ಅಂಗಿಯಂತೆ ಒಳಹೊರಗಾಗಿ ಕಳಚುತ್ತದೆ. ಪೊರೆಯ ತಲೆಯ ಫೋಟೋ ದೊಡ್ಡದು ಮಾಡಿ ನೋಡಿದರೆ ಕಣ್ಣಿನ ಜಾಗದಲ್ಲೂ ಪಾರದರ್ಶಕ ಬಿಲ್ಲೆ ಇರುತ್ತದೆ. ಹಾವಿಗೆ ಮುಚ್ಚಿ ತೆರೆಯುವ ರೆಪ್ಪೆಯಿಲ್ಲ, ಕಣ್ಣಿನ ಮೇಲೂ ಹೊದಿಕೆಯೇ. ಚಿಟ್ಟೆ ಮುಟ್ಟಿದಾಗ ಬೆರಳಿಗೆ ಹತ್ತುವ ಬಣ್ಣದ ಪುಡಿ ಕೂಡ ಪುಟ್ಟ ಹುರುಪೆಗಳೇ, ಅವು ಕೀಟದ ಕವಚದ ವಸ್ತುವಿನಿಂದ ಆದವು. ಮಕ್ಕಳಿಗೆ ಇಷ್ಟೆಲ್ಲ ವಿವರ ಬೇಡ. ‘ಮೀನಿಂದು ಬಿಡಿ ಬಿಡಿ, ಹಾವಿಂದು ಕೂಡಿಸಿದ್ದು’ ಎಂಬ ಒಂದು ಮಾತು ಸಾಕು.

ಚಿಪ್ಪಿನದೂ ಇದೇ ಕಥೆ. ಆಮೆಯ ಚಿಪ್ಪು ಮನೆಯಲ್ಲ, ಅದರ ಬೆನ್ನುಮೂಳೆ ಮತ್ತು ಪಕ್ಕೆಲುಬುಗಳೇ ಅಗಲವಾಗಿ ಕೂಡಿಕೊಂಡದ್ದು. ಆಮೆ ಚಿಪ್ಪಿನಿಂದ ಹೊರಬಂದು ಓಡುವ ಚಿತ್ರಗಳನ್ನು ತರಗತಿಯಿಂದ ದೂರವಿಡಿ. ಬಸವನಹುಳುವಿನ ಚಿಪ್ಪು ಸುಣ್ಣದ್ದು, ಅಂಚಿಗೆ ಹೊಸ ಸುಣ್ಣ ಕೂಡಿಕೊಂಡು ಅದು ಪ್ರಾಣಿಯ ಜೊತೆಗೇ ಬೆಳೆಯುತ್ತದೆ. ಏಡಿ, ಮಿಡತೆ, ಚೇಳುಗಳ ಕವಚಕ್ಕೆ ಬೆಳೆಯಲು ಬರುವುದಿಲ್ಲ, ಬಿಗಿಯಾದಾಗ ಕಳಚಲೇಬೇಕು. ಕಳೆದ ವರ್ಷದ ಸಮವಸ್ತ್ರ ಈ ವರ್ಷ ಹಿಡಿಸದ ಮಗುವಿಗೆ ಇದು ತಕ್ಷಣ ತಿಳಿಯುತ್ತದೆ. ರೇಷ್ಮೆ ಸಾಕುವ ಮನೆಯ ಮಕ್ಕಳಿದ್ದರೆ ಅವರೇ ಗುರುಗಳಾಗಲಿ: ಹುಳು ಮೇವು ಬಿಟ್ಟು ತಲೆ ಎತ್ತಿ ಅಲ್ಲಾಡದೆ ಕೂರುವುದನ್ನು ಬೆಳೆಗಾರರು ಜ್ವರ ಅನ್ನುತ್ತಾರೆ, ನಾಲ್ಕು ಜ್ವರ ಎದ್ದರೆ ನಾಲ್ಕು ಸಲ ಪೊರೆ ಬಿಟ್ಟ ಹಾಗೆ.

ಮೂರನೇ ದಿನ: ಚೀಟಿ ಹಂಚುವ ಆಟ

ಅಂಗೈಯಗಲದ 24 ಕಾರ್ಡು ಮಾಡಿ. ನಿಜವಾದ ಫೋಟೋ ಇರಲಿ. ವ್ಯಂಗ್ಯಚಿತ್ರದ ಮೀನಿಗೆ ರೆಪ್ಪೆ, ಚಿಟ್ಟೆಗೆ ತುಪ್ಪಳ ಇರುತ್ತದೆ, ಅದರಿಂದ ಕಲಿಯುವುದಕ್ಕೇನೂ ಇಲ್ಲ. ನಮ್ಮ ಭಾಗಕ್ಕೆ ಹೊಂದುವ ಪಟ್ಟಿ: ಎಮ್ಮೆ, ಕುರಿ, ನಾಯಿ, ಕರಡಿ, ಕೊಂಡುಕುರಿ, ಬಾವಲಿ, ಮುಳ್ಳುಹಂದಿ, ಚಿಪ್ಪುಹಂದಿ, ಕೋಳಿ, ನವಿಲು, ಬೆಳ್ಳಕ್ಕಿ, ಗೂಬೆ, ನಾಗರಹಾವು, ಓತಿಕ್ಯಾತ, ಹಲ್ಲಿ, ಆಮೆ, ಕಾಟ್ಲಾ, ಮೀಸೆ ಮೀನು, ಕಪ್ಪೆ, ಮಿಡತೆ, ಕಂಬಳಿಹುಳು, ಏಡಿ, ಬಸವನಹುಳು, ಎರೆಹುಳು.

ಅಂಗಳದಲ್ಲಿ ಸೀಮೆಸುಣ್ಣದಿಂದ ಐದು ವೃತ್ತ ಬರೆಯಿರಿ: ಕೂದಲು, ಗರಿ, ಹುರುಪೆ, ಚಿಪ್ಪು ಅಥವಾ ಕವಚ, ಬರೀ ಚರ್ಮ. ಮಕ್ಕಳು ಕಾರ್ಡು ಇಟ್ಟು ಮುಗಿಸಿದ ಮೇಲೆ ಹಾಗೇ ಒಂದು ಫೋಟೋ ತೆಗೆದುಕೊಳ್ಳಿ. ಆಮೇಲೆ ಕಾರ್ಡು ಎತ್ತಿ, ಬೇರೆ ಬಣ್ಣದ ಸೀಮೆಸುಣ್ಣದಲ್ಲಿ ಬಳಗದ ವೃತ್ತಗಳನ್ನು ಬರೆದು ಎರಡನೇ ಸಲ ಹಂಚಿಸಿ. ಎರಡು ಹಂಚಿಕೆಯಲ್ಲೂ ಜೊತೆಗೇ ಉಳಿದವರು ಯಾರು, ಜೊತೆ ಬಿಟ್ಟವರು ಯಾರು ಎಂದು ಕೇಳುವುದೇ ಪಾಠದ ಜೀವಾಳ. ಗರಿಯ ನಾಲ್ವರು ಮಾತ್ರ ಎರಡೂ ಸಲ ಒಟ್ಟಿಗೇ ಇರುತ್ತಾರೆ. ಇವತ್ತು ಬದುಕಿರುವ ಪ್ರಾಣಿಗಳಲ್ಲಿ ಗರಿ ಇರುವುದು ಪಕ್ಷಿಗಳಿಗೆ ಮಾತ್ರ.

ಜೊತೆ ಬಿಟ್ಟವರಲ್ಲಿ ಚಿಪ್ಪುಹಂದಿ ಮೊದಲನೆಯದು. ಮೈಯೆಲ್ಲ ಹುರುಪೆ, ಆದರೆ ಹೊಟ್ಟೆಯ ಕಡೆ ಕೂದಲಿದೆ, ಮರಿಗೆ ಹಾಲು ಕೊಡುತ್ತದೆ. ಮುಳ್ಳುಹಂದಿಯ ಮುಳ್ಳು ಗಟ್ಟಿಯಾದ ಕೂದಲು. ಬಾವಲಿ ಹಾರಿದರೂ ಗರಿಯಿಲ್ಲ, ಮೈಮೇಲೆ ಕೂದಲು, ರೆಕ್ಕೆ ಬೆರಳುಗಳ ನಡುವಿನ ಚರ್ಮ. ಮೀಸೆ ಮೀನಿಗೆ ಹುರುಪೆಯೇ ಇಲ್ಲ. ಕೋಳಿಯ ಕಾಲು ನೋಡಿದರೆ ಹುರುಪೆ. ಕಂಬಳಿಹುಳುವಿನ ಮೈಮೇಲಿರುವುದು ಕೂದಲಿನಂತೆ ಕಂಡರೂ ಕವಚದ ವಸ್ತುವಿನ ಚೂಪು ಎಳೆ, ತಾಗಿದರೆ ಮುರಿದು ಚರ್ಮಕ್ಕೆ ಸೇರಿ ತುರಿಸುತ್ತದೆ.

ಮಕ್ಕಳನ್ನು ದಾರಿ ತಪ್ಪಿಸುವುದರಲ್ಲಿ ನಮ್ಮ ಹೆಸರುಗಳ ಪಾಲೂ ದೊಡ್ಡದು, ಇದನ್ನು ಬಾಯಿಬಿಟ್ಟು ಹೇಳಬೇಕು. ಚಿಪ್ಪುಹಂದಿ ಹಂದಿಯಲ್ಲ, ಅದಕ್ಕಿರುವುದು ಚಿಪ್ಪೂ ಅಲ್ಲ. ಮುಳ್ಳುಹಂದಿ ಇಲಿ, ಅಳಿಲುಗಳ ಬಳಗ. ಬಸವನಹುಳು ಹುಳುವಲ್ಲ. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗ ಅಭಯಾರಣ್ಯ ಇರುವುದೇ ಕೊಂಡುಕುರಿಗಾಗಿ, ಆದರೆ ಕೊಂಡುಕುರಿ ಕುರಿಯಲ್ಲ, ಅದಕ್ಕೆ ಉಣ್ಣೆಯಿಲ್ಲ. ಒರಟು ಕಂದು ಕೂದಲಿನ ಪುಟ್ಟ ಪ್ರಾಣಿ ಅದು, ಗಂಡಿಗೆ ನಾಲ್ಕು ಕೊಂಬು. ಹೆಸರು ನೋಡಿ ಹಂಚಬೇಡಿ, ಮೈ ನೋಡಿ ಹಂಚಿ ಎಂದು ಮಕ್ಕಳಿಗೆ ಮತ್ತೆ ಮತ್ತೆ ಹೇಳಿ.

ಕಾಗದದ ಮೀನು

ನಾಲ್ಕನೇ ದಿನ ಕೈಕೆಲಸ. ಒಂದಡಿ ಉದ್ದದ ಮೀನಿನ ಆಕಾರವನ್ನು ರಟ್ಟಿನಲ್ಲಿ ಕತ್ತರಿಸಿ. ಹಳೆಯ ನೋಟುಪುಸ್ತಕದ ಹೊದಿಕೆಯಿಂದ ಎರಡು ಸೆಂಟಿಮೀಟರ್ ಅಗಲದ ಅರ್ಧಚಂದ್ರಗಳನ್ನು ಮಾಡಿಟ್ಟುಕೊಳ್ಳಿ, ಒಂದು ಮೀನಿಗೆ ಸುಮಾರು 80 ಬೇಕಾಗುತ್ತವೆ. ಅಂಟಿಸುವುದು ಬಾಲದ ಕಡೆಯಿಂದ, ಗುಂಡು ಅಂಚು ಬಾಲದ ಕಡೆಗೆ, ಅಂಟು ನೇರ ಅಂಚಿಗೆ ಮಾತ್ರ. ಪ್ರತಿ ಸಾಲೂ ಹಿಂದಿನ ಸಾಲಿನ ಅರ್ಧ ಮುಚ್ಚಬೇಕು. ತಲೆಯಿಂದ ಶುರುಮಾಡಿದರೆ ಪ್ರತಿ ಹುರುಪೆಯ ಬುಡವೂ ಹೊರಗೆ ಕಾಣುತ್ತದೆ. ಹೆಂಚು ಹೊದಿಸುವವರು ಸೂರಿನಿಂದ ಮೇಲಕ್ಕೆ ಹೋಗುವುದೂ ಇದೇ ಕಾರಣಕ್ಕೆ. ತಲೆಯನ್ನು ಹಾಗೇ ಬಿಡಿ, ಕಾಟ್ಲಾ ಮೀನಿನ ತಲೆಯ ಮೇಲೆ ಹುರುಪೆ ಇರುವುದಿಲ್ಲ. ಮುಗಿದ ಮೇಲೆ ತಲೆಯಿಂದ ಬಾಲಕ್ಕೆ ಒಮ್ಮೆ, ಬಾಲದಿಂದ ತಲೆಗೆ ಒಮ್ಮೆ ಕೈ ಸವರಿಸಿ. ಒಂದು ಕಡೆ ನುಣುಪು, ಇನ್ನೊಂದು ಕಡೆ ತಡೆ. ನೀರು ಸೀಳಿ ಮುಂದೆ ಹೋಗಲು ಹುರುಪೆ ಹಿಂದಕ್ಕೆ ಮಲಗಿರುವುದೇಕೆ ಎಂದು ಆಗ ಕೇಳಿ.

ಕಲಿತದ್ದನ್ನು ಪರೀಕ್ಷಿಸಲು ಬರವಣಿಗೆ ಬೇಡ. ಮಕ್ಕಳು ತರಗತಿಯಲ್ಲಿ ನೋಡಿರದ ಒಂದು ಕಾರ್ಡು ಕೊಡಿ, ಉಡ ಅಥವಾ ಮುಂಗುಸಿ ಆಗಬಹುದು. ಮೈಮೇಲೆ ಏನಿದೆ, ಯಾರ ಬಳಗ, ಹೇಗೆ ಗೊತ್ತಾಯಿತು ಎಂದು ಮೂರು ಪ್ರಶ್ನೆ ಕೇಳಿ. ಮೂರನೆಯದಕ್ಕೆ ‘ಟೀಚರ್ ಹೇಳಿದ್ರು’ ಎಂಬ ಉತ್ತರ ಬಂದರೆ ಎರಡನೇ ಹಂಚಿಕೆಯನ್ನು ಮತ್ತೊಮ್ಮೆ ಆಡಿಸಿ. ‘ಉಡಕ್ಕೆ ಹುರುಪೆ ಐತೆ, ಆದ್ರೆ ಚಿಪ್ಪುಹಂದಿಗೂ ಐತಲ್ಲ, ಮರಿಗೆ ಹಾಲು ಕೊಡುತ್ತಾ?’ ಎಂದು ಮಗುವೇ ತಿರುಗಿ ಕೇಳಿದರೆ ಕಾರ್ಡುಗಳನ್ನು ಕಟ್ಟಿಡಬಹುದು.